ಕಾರು ‘ಟಕ್’ ಅಂತೋ, ‘ಟಕಟಕ’ ಅಂತೋ?

ಸೋಮವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ. ಐದು ನಿಮಿಷ ಬಿಟ್ಟು ನೋಡಿದರೆ ಏನೂ ಆಗದಂತೆ ಶುರುವಾಗುತ್ತದೆ. ಗುರುವಾರ ಮತ್ತೆ ಮೊಂಡಾಟ. ಮೆಕ್ಯಾನಿಕ್ ಹತ್ತಿರ ಒಯ್ದ ದಿನ ಮಾತ್ರ ಬಲು ಸಾಧು! ಪ್ಲೇನೋದಂಥ ಊರಿನಲ್ಲಿ ಕಾರು ನಿಂತರೆ ಮನೆಯವರ ದಿನವೇ ನಿಂತಂತೆ. ಅಂದಾಜಿನ ಮೇಲೆ ಒಂದೊಂದೇ ಭಾಗ ಬದಲಾಯಿಸುವ ಮುಂಚೆ, ಮಕ್ಕಳನ್ನು ಸೇರಿಸಿಕೊಂಡು ಎರಡು ವಾರ ಪತ್ತೇದಾರಿ ಮಾಡಿ. ಕನ್ನಡದಲ್ಲೇ ಮಾಡಿ.

ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡ ‘ಊಟ ಮಾಡು, ಹಲ್ಲುಜ್ಜು, ಬೇಗ ಮಲಗು’ ಎನ್ನುವುದಕ್ಕೇ ಮುಗಿದುಹೋಗುತ್ತದೆ. ‘ಯಾಕೆ? ಹೇಗೆ?’ ಬಂದ ಕೂಡಲೇ ನಾವೇ ಇಂಗ್ಲಿಷಿಗೆ ಜಾರುತ್ತೇವೆ. ಮಕ್ಕಳು ಕನ್ನಡದಲ್ಲಿ ಯೋಚಿಸಬೇಕಾದರೆ, ಯೋಚಿಸುವಂಥ ಕೆಲಸ ಕನ್ನಡದಲ್ಲಿ ಸಿಗಬೇಕು.

ಮೊದಲು ಸದ್ದು ಕೇಳಿ

ಸದ್ದಿನ ಮಾತುಗಳಿಗೆ ನಮ್ಮಲ್ಲಿ ಬರವಿಲ್ಲ. ಮಕ್ಕಳೇ ಹೆಸರಿಡಲಿ.

‘ಟಕಟಕಟಕ’: ಬ್ಯಾಟರಿಯಲ್ಲಿ ಶಕ್ತಿ ಸಾಲದು, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ, ಕಿಲುಬು ಹಿಡಿದಿದೆ.

ಒಂದೇ ‘ಟಕ್’, ಲೈಟು ಮಾತ್ರ ಪ್ರಕಾಶವಾಗಿದೆ: ಸ್ಟಾರ್ಟರ್ ಮೋಟರ್ ಅಥವಾ ಅದರ ವೈರಿನ ಮೇಲೆ ಅನುಮಾನ.

‘ಗುರ್ರ್ ಗುರ್ರ್’ ಎಂದು ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ: ಬ್ಯಾಟರಿ, ಸ್ಟಾರ್ಟರ್ ಬಹುಶಃ ಸರಿ ಇವೆ. ಎಂಜಿನ್ನಿಗೆ ಗ್ಯಾಸೋ ಕಿಡಿಯೋ ತಲುಪುತ್ತಿಲ್ಲ.

ಸದ್ದೇ ಇಲ್ಲ, ಲೈಟು ಇದೆ: ರಿಮೋಟ್ ಕೀಯ ಪುಟ್ಟ ಬ್ಯಾಟರಿ, ಬ್ರೇಕ್ ಸ್ವಿಚ್ ನೋಡಿ. ಪಾರ್ಕ್ ಬಿಟ್ಟು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆದರೆ ಗೇರಿನ ಸ್ವಿಚ್ ಮೇಲೆ ಅನುಮಾನ.

ಆಮೇಲೆ ಬರೆದಿಡಿ

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಬಿಸಿಲೋ ಚಳಿಯೋ, ಕಾರು ಎಷ್ಟು ಹೊತ್ತು ನಿಂತಿತ್ತು, ಯಾವ ಸದ್ದು ಬಂತು ಎಂದು ಮಗು ಬರೆಯಲಿ. ಸರಿಯಾಗಿ ಸ್ಟಾರ್ಟ್ ಆದ ದಿನಗಳನ್ನೂ ಬರೆಯಲೇಬೇಕು. ಹೋಲಿಸಲು ಅವೇ ಆಧಾರ. ರಾತ್ರಿಯಿಡೀ ನಿಂತ ಮೇಲೆ ಮಾತ್ರ ತೊಂದರೆಯೇ? ಬ್ಯಾಟರಿ ಸೋತಿದೆ, ಅಥವಾ ಯಾವುದೋ ಲೈಟು, ಚಾರ್ಜರ್ ರಾತ್ರಿಯೆಲ್ಲಾ ಕರೆಂಟ್ ಹೀರುತ್ತಿದೆ. ಎಂಜಿನ್ ಕಾದಿದ್ದಾಗ ಮಾತ್ರವೇ? ಸ್ಟಾರ್ಟರ್, ಸೆನ್ಸರ್‌ಗಳ ಕಡೆ ತಿರುಗಿ. ಲ್ಯಾಬಿನಲ್ಲಿ ನಾವು ಪಾಲಿಸುವ ನಿಯಮವೇ ಇಲ್ಲೂ: ಒಂದು ಸಲಕ್ಕೆ ಒಂದೇ ಬದಲಾವಣೆ.

ಅಗ್ಗದ ಮಲ್ಟಿಮೀಟರ್ ಇದ್ದರೆ ದಶಮಾಂಶದ ಪಾಠವೂ ಆಗುತ್ತದೆ. ರಾತ್ರಿ ನಿಂತ ಕಾರಿನ ಸಾಮಾನ್ಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7 ಇರುತ್ತದೆ. ಮೀಟರ್ ಇಲ್ಲವೇ? ಆಟೋಝೋನ್, ಓ’ರೈಲಿ ಅಂಗಡಿಗಳಲ್ಲಿ ಬ್ಯಾಟರಿಯನ್ನು ಉಚಿತವಾಗಿ ಪರೀಕ್ಷಿಸುತ್ತಾರೆ.

ನಮ್ಮ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಲ್ಲಾಸ್–ಫೋರ್ಟ್‌ವರ್ತ್‌ನಲ್ಲಿ 1980ರ ಜೂನ್‌ನಲ್ಲಿ 113 ಡಿಗ್ರಿ ಫ್ಯಾರನ್‌ಹೀಟ್ ಸುಟ್ಟಿತ್ತು; 2021ರ ಫೆಬ್ರುವರಿಯಲ್ಲಿ ಸೊನ್ನೆಗಿಂತ 2 ಡಿಗ್ರಿ ಕೆಳಗಿಳಿದಿತ್ತು. ಬಿಸಿಲು ಬ್ಯಾಟರಿಯನ್ನು ಒಳಗೊಳಗೇ ಸವೆಸುತ್ತದೆ. ಮೊದಲ ಚಳಿ ಅದರ ಗುಟ್ಟು ರಟ್ಟು ಮಾಡುತ್ತದೆ.

ಎಚ್ಚರ: ಬಾನೆಟ್ ಒಳಗೆ ಕೈ ಹಾಕುವುದು ದೊಡ್ಡವರು ಮಾತ್ರ, ಉಂಗುರ ಬಳೆ ತೆಗೆದಿಟ್ಟು. ಸ್ಟಾರ್ಟ್ ಮಾಡುವಾಗ ಮಕ್ಕಳು ದೂರ ನಿಂತು ಕೇಳಲಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಎರಡು ವಾರ ಕಳೆದ ಮೇಲೆ ಕನ್ನಡದ ಟಿಪ್ಪಣಿಯನ್ನು ನಾಲ್ಕು ಸಾಲಿನ ಇಂಗ್ಲಿಷಿಗೆ ಇಳಿಸಿ, ಮೆಕ್ಯಾನಿಕ್‌ಗೆ ವಿವರಿಸುವ ಕೆಲಸವನ್ನು ಮಗುವಿಗೇ ಕೊಡಿ. ‘ಟಕ್’ಗೂ ‘ಟಕಟಕ’ಕ್ಕೂ ಇರುವ ವ್ಯತ್ಯಾಸವನ್ನು ಎರಡೂ ಭಾಷೆಯಲ್ಲಿ ಹೇಳಬಲ್ಲ ಮಗು, ನಿಮ್ಮ ಒಂದಷ್ಟು ಡಾಲರನ್ನೂ ಉಳಿಸಬಹುದು.