ಸರ್ವರ್ ಸತ್ತಿದೆಯೋ, ಸಂಪರ್ಕ ತಪ್ಪಿದೆಯೋ?

ಹಿಂದಿನ ಕಂಪನಿಯಲ್ಲಿ ನಮ್ಮ ಡೇಟಾಬೇಸ್ ಕ್ಲಸ್ಟರ್‌ನಲ್ಲಿದ್ದದ್ದು ಎರಡೇ ಸರ್ವರ್. ದಾಖಲೆ ಬರೆಯುವ ಹಕ್ಕು ಒಂದಕ್ಕೆ; ಅದು ಪ್ರೈಮರಿ. ಇನ್ನೊಂದು ನಕಲು ಇಟ್ಟುಕೊಳ್ಳುತ್ತಿತ್ತು. ಪ್ರೈಮರಿಯಿಂದ 'ನಾನಿದ್ದೇನೆ' ಎಂಬ ಸಂದೇಶ ಕೆಲವು ಸೆಕೆಂಡ್ ಬರದಿದ್ದರೆ ನಕಲು ಅದರ ಜಾಗಕ್ಕೆ ಬರಬೇಕು. ಇದೇ ಫೇಲ್‌ಓವರ್. ಅದರ ಸ್ಕ್ರಿಪ್ಟ್ ಬರೆದವನು ನಾನೇ.

ಒಂದು ರಾತ್ರಿ ನಡುವಿನ ನೆಟ್‌ವರ್ಕ್ ಸ್ವಿಚ್ ಕೆಟ್ಟಿತು. ಪ್ರೈಮರಿ ಚೆನ್ನಾಗಿಯೇ ಇತ್ತು, ಅದರ ಮಾತು ಕೇಳಿಸುತ್ತಿರಲಿಲ್ಲ ಅಷ್ಟೆ. ಅದು ಸತ್ತಿತೆಂದುಕೊಂಡು ನಕಲೂ ಪ್ರೈಮರಿಯಾಯಿತು. ಅರ್ಧ ಗ್ರಾಹಕರ ಆರ್ಡರ್ ಇಲ್ಲಿ, ಅರ್ಧ ಅಲ್ಲಿ. ಹನ್ನೊಂದು ನಿಮಿಷದಲ್ಲಿ ಒಂದೇ ಆರ್ಡರ್ ಸಂಖ್ಯೆಗೆ ಇಬ್ಬಿಬ್ಬರು ಗ್ರಾಹಕರು! ಒಂದೊಂದನ್ನೂ ಕೂತು ತಾಳೆ ನೋಡಿ ಸರಿಪಡಿಸಲು ಮೂರು ದಿನ ಬೇಕಾಯಿತು. ನಮ್ಮ ಕಸುಬಿನಲ್ಲಿ ಇದಕ್ಕೆ 'ಸ್ಪ್ಲಿಟ್ ಬ್ರೇನ್' ಎನ್ನುತ್ತೇವೆ.

ಅದಕ್ಕೇ ಕ್ಲಸ್ಟರ್‌ನಲ್ಲಿ ಮೂರೋ ಐದೋ ಸದಸ್ಯರಿರಬೇಕು. ಬಹುಮತ ಇರುವ ಕಡೆಗೆ ಮಾತ್ರ ಬರೆಯುವ ಹಕ್ಕು. ಒಂಟಿಯಾದ ಸರ್ವರ್ ಬರೆಯುವುದನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಅದರ ಕರೆಂಟನ್ನೇ ತೆಗೆದುಬಿಡುವ 'ಫೆನ್ಸಿಂಗ್' ಎಂಬ ಏರ್ಪಾಡೂ ಉಂಟು.

ಬಹುಮತವೊಂದೇ ಸಾಲದು ಎಂಬುದಕ್ಕೆ ಗಿಟ್‌ಹಬ್ ಉದಾಹರಣೆ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಅದರ ಮುಖ್ಯ ಡೇಟಾ ಸೆಂಟರ್‌ನ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡ್. ಅಷ್ಟಕ್ಕೇ ಆರ್ಕೆಸ್ಟ್ರೇಟರ್ ಎಂಬ ತಂತ್ರಾಂಶ ಬಹುಮತದ ಲೆಕ್ಕ ಹಾಕಿ ಪ್ರೈಮರಿಯನ್ನು ಪಶ್ಚಿಮ ಕರಾವಳಿಗೆ ಸಾಗಿಸಿತು. ಪೂರ್ವದಲ್ಲಿ ಬರೆದ ಕೆಲವು ದಾಖಲೆಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಹೊಸವು ಸೇರತೊಡಗಿದ್ದವು. ಬೇಗ ಎದ್ದು ನಿಲ್ಲುವುದಕ್ಕಿಂತ ಬಳಕೆದಾರರ ಡೇಟಾ ಉಳಿಯುವುದು ಮುಖ್ಯವೆಂದು ಅವರು ನಿಧಾನದ ದಾರಿ ಹಿಡಿದರು. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಆಮೇಲೆ, ಪ್ರೈಮರಿ ತಾನಾಗಿ ಪ್ರಾಂತ್ಯ ದಾಟದಂತೆ ಬಿಗಿ ಮಾಡಿದರು.

ಈಗ ಪುಣೆಯ ನನ್ನ ಕಚೇರಿಯಲ್ಲಿ "ಫೇಲ್‌ಓವರ್ ಎಷ್ಟು ಸೆಕೆಂಡಿನದು?" ಎಂದು ಯಾರಾದರೂ ಕೇಳಿದರೆ ನಾನು ಎರಡು ಪ್ರಶ್ನೆ ಹಾಕುತ್ತೇನೆ: ಎಷ್ಟು ಹೊತ್ತು ಕೆಲಸ ನಿಂತರೆ ತಡೆದೀತು? ಎಷ್ಟು ದಾಖಲೆ ಹೋದರೆ ತಡೆದೀತು? ಉತ್ತರ ಬರೆದಿಟ್ಟುಕೊಂಡು, ಮೂರು ತಿಂಗಳಿಗೊಮ್ಮೆ, ಎಲ್ಲರೂ ಎಚ್ಚರವಿರುವ ಹಗಲಿನಲ್ಲೇ, ಪರೀಕ್ಷೆಯ ಕ್ಲಸ್ಟರ್‌ನ ನೆಟ್‌ವರ್ಕ್ ಕೇಬಲ್ ಕೀಳುತ್ತೇವೆ. ಪ್ರತಿ ಸಲವೂ ಏನಾದರೊಂದು ಹುಳುಕು ಸಿಕ್ಕೇ ಸಿಗುತ್ತದೆ.