ಮಲೆನಾಡಿಗೂ ಬಯಲಿಗೂ ನಡುವೆ

ಗಡಿನಾಡು ಎಂದೊಡನೆ ಎರಡು ರಾಜ್ಯಗಳು ಸಂಧಿಸುವ ಎಲ್ಲೆ ನೆನಪಿಗೆ ಬರುತ್ತದೆ. ಆದರೆ ರಾಜ್ಯದ ಒಡಲಿನಲ್ಲಿಯೇ ನಿಸರ್ಗವು ಎಳೆದ ಗಡಿಗಳೂ ಉಂಟು. ಹಾಸನ ಜಿಲ್ಲೆಯು ಅಂತಹ ಒಂದು ಗಡಿನಾಡು. ಇದರ ಪಶ್ಚಿಮಕ್ಕೆ ಸಕಲೇಶಪುರದ ಘಟ್ಟಗಳು. ಅಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಪೂರ್ವದ ಚನ್ನರಾಯಪಟ್ಟಣದಲ್ಲಿ ಅದರ ಅರ್ಧದಷ್ಟೂ ಮಳೆಯಿಲ್ಲ. ಕಾಫಿ, ಏಲಕ್ಕಿಗಳ ತೋಟಗಳಿಂದ ಹೊರಟವನು ಒಂದೇ ಹಗಲಿನಲ್ಲಿ ರಾಗಿಯ ಹೊಲಗಳನ್ನೂ ತೆಂಗಿನ ತೋಟಗಳನ್ನೂ ಕೆರೆಗಳ ಸಾಲನ್ನೂ ತಲುಪಬಹುದು. ನಡುವಣ ಹಾಸನ, ಅರಕಲಗೂಡು ಪ್ರದೇಶಗಳಿಗೆ ಅರೆಮಲೆನಾಡೆಂಬ ಹೆಸರು ಸಲ್ಲುತ್ತದೆ. ಹೇಮಾವತಿಯು ಗೊರೂರನ್ನೂ ಹೊಳೆನರಸೀಪುರವನ್ನೂ ಹಾದುಹೋಗುತ್ತದೆ. ಕಾವೇರಿಯು ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ರುದ್ರಪಟ್ಟಣಗಳ ಬದಿಯಲ್ಲಿ ಹರಿಯುತ್ತದೆ.

ನೆಲವು ಬದಲಾದಂತೆ ನುಡಿಯೂ ಬದಲಾಗುತ್ತದೆ. ಆದರೆ ನುಡಿಯ ಬದಲಾವಣೆಗೆ ಗೆರೆಯಿಲ್ಲ. ಅದು ಊರಿನಿಂದ ಊರಿಗೆ ಮೆಲ್ಲನೆ ಆಗುವಂಥದು. ಈ ಭಾಗದ ಹಳ್ಳಿಗಳಲ್ಲಿ 'ಮನೆಯಲ್ಲಿ' ಎಂಬುದು 'ಮನೇಲಿ' ಎಂದಾಗುತ್ತದೆ. 'ಬರುತ್ತೇನೆ' ಎಂಬುದು 'ಬತ್ತೀನಿ' ಎಂದಾಗುತ್ತದೆ. 'ಹಾಲು' ಎಂಬುದು ಹಲವರ ಬಾಯಲ್ಲಿ 'ಆಲು' ಎಂದೇ ಕೇಳಿಬರುತ್ತದೆ. ಪೇಟೆಯ ಶಾಲೆಗೆ ಬಂದ ಹಳ್ಳಿಯ ಬಾಲಕನು ಹೀಗೆ ಮಾತನಾಡಿದಾಗ ಸಹಪಾಠಿಗಳು ನಗುವುದುಂಟು. ಆ ನಗೆಗೆ ಅಂಜಿ ಅವನು ಮೌನಿಯಾಗುವುದೂ ಉಂಟು.

ಆ ನಗೆಗೆ ಆಧಾರವಿದೆಯೇ? ಹಳಗನ್ನಡದಲ್ಲಿ ಹಾಲಿಗೆ 'ಪಾಲ್' ಎಂಬ ಹೆಸರಿತ್ತು. ತಮಿಳಿನಲ್ಲಿ ಇಂದಿಗೂ ಅದು 'ಪಾಲ್' ಆಗಿಯೇ ಉಳಿದಿದೆ. ನಡುಗನ್ನಡದ ಕಾಲಕ್ಕೆ ಪದಗಳ ಮೊದಲಿನ ಪಕಾರವು ಹಕಾರವಾಯಿತು. 'ಪಾಲ್' ಎಂಬುದು 'ಹಾಲು', 'ಪೂ' ಎಂಬುದು 'ಹೂ', 'ಪೋಗು' ಎಂಬುದು 'ಹೋಗು' ಆದವು. ಆಡುನುಡಿಯು ಅದೇ ದಾರಿಯಲ್ಲಿ ಮತ್ತೊಂದು ಹೆಜ್ಜೆ ಮುಂದೆ ಸಾಗಿ ಹಕಾರವನ್ನೂ ಕೈಬಿಟ್ಟಿತು. 'ಹಾಲು' ಎನ್ನುವವನೂ 'ಆಲು' ಎನ್ನುವವನೂ ಹಳೆಯ ಉಚ್ಚಾರಣೆಯಿಂದ ದೂರ ಬಂದವರೇ. ಬರವಣಿಗೆಗೆ ಎಲ್ಲರೂ ಒಪ್ಪಿದ ಒಂದು ರೂಪವು ಬೇಕು. ದೂರದ ಬೀದರಿನವನಿಗೂ ಮಂಗಳೂರಿನವನಿಗೂ ಅದು ಅರ್ಥವಾಗಬೇಕು. ಅದನ್ನು ಕಲಿಯುವುದು ಅವಶ್ಯ. ಆದರೆ ಅದಕ್ಕಾಗಿ ಮನೆಯ ಮಾತನ್ನು ಅಶುದ್ಧವೆಂದು ತಿಳಿಯಬೇಕಾಗಿಲ್ಲ.

ಈ ಸೀಮೆಯಲ್ಲಿ ಕನ್ನಡದ ಜೊತೆಗೆ ಬೇರೆ ಮನೆಮಾತುಗಳೂ ಬಾಳಿವೆ. ಹಾಸನದ ಬಳಿಯ ಕೌಶಿಕ ಮತ್ತು ಕಾವೇರಿ ತೀರದ ರುದ್ರಪಟ್ಟಣ ಮೊದಲಾದ ಊರುಗಳಲ್ಲಿ ಸಂಕೇತಿ ಜನರು ನೆಲೆಸಿದರು. ಇವರ ಪೂರ್ವಿಕರು ಹಲವು ಶತಮಾನಗಳ ಹಿಂದೆ ತಮಿಳುನಾಡು, ಕೇರಳಗಳು ಸಂಧಿಸುವ ಚೆಂಗೋಟ್ಟೆಯ ಕಡೆಯಿಂದ ಬಂದವರೆಂದು ಪ್ರತೀತಿ. ಇವರ ನುಡಿಯಲ್ಲಿ ತಮಿಳು, ಮಲಯಾಳಂಗಳ ಲಕ್ಷಣಗಳಿವೆ. ಕನ್ನಡದ ಪದಗಳು ಹೇರಳವಾಗಿ ಬೆರೆತಿವೆ. ಅದಕ್ಕೆ ಸ್ವಂತ ಲಿಪಿಯಿಲ್ಲ. ರುದ್ರಪಟ್ಟಣದಲ್ಲಿ 1920ರಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಕರ್ನಾಟಕ ಸಂಗೀತದ ಹಿರಿಯ ವಿದ್ವಾಂಸರಾದರು. ಹೆಬ್ಬಾರ್ ಅಯ್ಯಂಗಾರರ ಮನೆಗಳಲ್ಲಿ ಕನ್ನಡ ಬೆರೆತ ತಮಿಳೂ ಮುಸ್ಲಿಮರ ಮನೆಗಳಲ್ಲಿ ದಖ್ಖನಿ ಉರ್ದುವೂ ಕೇಳಿಬರುತ್ತವೆ. ಉರ್ದು ಮನೆಮಾತಿನ ಹಾಸನದ ಬಾನು ಮುಷ್ತಾಕ್ ಕನ್ನಡದಲ್ಲಿ ಕಥೆಗಳನ್ನು ಬರೆದರು. ಅವುಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯು ಸಂದಿತು. ಮನೆಮಾತು ಬೇರೆಯಾದರೂ ಕನ್ನಡವು ಅವರಿಗೆ ಪರಕೀಯವಾಗಲಿಲ್ಲ.

ಈ ಸಹಬಾಳ್ವೆಯು ಇಂದಿನದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದಗಳ ಬಳಿ, ಚಾವುಂಡರಾಯನು ಆ ಮೂರ್ತಿಯನ್ನು ಮಾಡಿಸಿದ ಸಂಗತಿಯು ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿ ಕೆತ್ತಲ್ಪಟ್ಟಿದೆ. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಐದನೆಯ ಶತಮಾನದ ಶಾಸನವು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾಗಿದೆ. ಕನ್ನಡದ ಬೇರು ಇಷ್ಟು ಆಳವಾಗಿರುವ ನೆಲದಲ್ಲಿಯೇ ಅನ್ಯ ನುಡಿಗಳಿಗೂ ಎಡೆ ದೊರೆಯಿತು.

ಹೊರದೇಶಗಳಲ್ಲಿಯೂ ಇಂತಹ ಸೀಮೆಗಳುಂಟು. ಯೂರೋಪಿನ ಮಾಸ್ ನದಿಯ ತೀರದ ಲಿಂಬರ್ಗ್ ಪ್ರದೇಶವು 1839ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂಗಳ ನಡುವೆ ಹಂಚಿಹೋಯಿತು. ಎರಡೂ ಕಡೆಯ ಶಾಲೆಗಳಲ್ಲಿ ಡಚ್ ಭಾಷೆ. ಮನೆಗಳಲ್ಲಿ ಲಿಂಬರ್ಗಿನ ನುಡಿ. ಅದು ಊರೂರಿಗೂ ಬೇರೆಯಾಗಿದ್ದರೂ ಜನರು ಅದನ್ನು ತಮ್ಮ ಗುರುತೆಂದು ಕಾಪಾಡಿಕೊಂಡರು. 1997ರಲ್ಲಿ ನೆದರ್ಲೆಂಡ್ಸ್ ಸರ್ಕಾರವು ಅದನ್ನು ಪ್ರಾದೇಶಿಕ ಭಾಷೆಯೆಂದು ಮಾನ್ಯ ಮಾಡಿತು.

ಹಾಸನ ಸೀಮೆಯ ಆಡುನುಡಿಗೆ ಅಂತಹ ಮಾನ್ಯತೆಯ ಪತ್ರ ಬೇಕಿಲ್ಲ. ಅದು ಕನ್ನಡವೇ ಆಗಿದೆ. ಅದಕ್ಕೆ ಬೇಕಾದುದು ಆಡುವವರ ಬಾಯಿ. ಸಂತೇಶಿವರದ ಎಸ್. ಎಲ್. ಭೈರಪ್ಪನವರು 'ಗೃಹಭಂಗ' ಕಾದಂಬರಿಯಲ್ಲಿ ತಮ್ಮ ಸೀಮೆಯ ಹಳ್ಳಿಗರ ಮಾತನ್ನು ಬಳಸಿದರು. ಆದರೆ ಪುಸ್ತಕದಲ್ಲಿ ಉಳಿದ ಮಾತ್ರಕ್ಕೆ ನುಡಿಯು ಬದುಕಿದಂತಾಗದು. ಅಜ್ಜಿಯೊಡನೆ ಅಜ್ಜಿಯ ಮಾತನ್ನೂ ಸಭೆಯಲ್ಲಿ ಗ್ರಂಥದ ಮಾತನ್ನೂ ಆಡಬಲ್ಲವನು ಎರಡು ಸಂಪತ್ತುಗಳ ಒಡೆಯನು. ಒಂದನ್ನು ಗಳಿಸುವಾಗ ಇನ್ನೊಂದನ್ನು ಕಳೆದುಕೊಳ್ಳದಿರುವುದು ವಿದ್ಯಾವಂತನ ಲಕ್ಷಣ.