ಲೈಸೆನ್ಸ್ ತಪಾಸಣೆ ಕಳ್ಳಬಂದೂಕು ತಡೆಯುತ್ತಾ?

ಚನ್ನರಾಯನದುರ್ಗದ ಸೀಮೆಯಲ್ಲಿ ಕಡಲೆಕಾಯಿ ಹೊಲಕ್ಕೆ ರಾತ್ರಿ ಹಂದಿ ನುಗ್ಗಿದರೆ ಬೆಳಗ್ಗೆ ರೈತನಿಗೆ ಉಳಿಯೋದು ಮಣ್ಣು. ಬೆಳೆ ಕಾಯೋಕೆ ಬಂದೂಕು ಬೇಕು ಅಂತ ಅವನು ಅರ್ಜಿ ಹಾಕಿದ ಅನ್ನಿ. 1959ರ ಆಯುಧ ಕಾಯ್ದೆ ಪ್ರಕಾರ ಮೊದಲು ಪೊಲೀಸ್ ಠಾಣೆಯ ವರದಿ ಬರಬೇಕು. ಹಳೇ ಕೇಸ್ ಇದೆಯಾ? ಮಾನಸಿಕ ಸ್ಥಿತಿ ಸರಿಯಿದೆಯಾ? ಆಮೇಲೆ ಲೈಸೆನ್ಸ್. ಅದನ್ನು ನೋಡದೆ ಅಂಗಡಿಯವನು ಬಂದೂಕು ಮಾರೋ ಹಾಗಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಅಂತಲೂ ಆದೇಶ ಬರುತ್ತೆ!

ಇಷ್ಟೆಲ್ಲ ತಪಾಸಣೆ ಕಳ್ಳ ಮಾರಾಟ ತಡೆಯುತ್ತಾ? ಅಂಗಡಿ ಬಾಗಿಲಲ್ಲಿ, ಹೌದು. ಆದರೆ ಕದ್ದುಮುಚ್ಚಿ ತಯಾರಾಗೋ ನಾಡಬಂದೂಕು ಆ ಬಾಗಿಲಿಗೇ ಬರಲ್ಲ.

2015, ಧಾರವಾಡ: ಸಂಶೋಧಕ ಎಂ.ಎಂ. ಕಲಬುರ್ಗಿ ಹತ್ಯೆ. 2017, ಬೆಂಗಳೂರು: ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ. ಇಬ್ಬರನ್ನೂ ಕೊಂದದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ಅಂಥ ಪಿಸ್ತೂಲು ಕೊಳ್ಳೋಕೆ ಯಾವ ಠಾಣೆಯ ವರದಿ ಬೇಕು ಹೇಳಿ?

ಆಯುಧ ಕಾಯ್ದೆಯ 2019ರ ತಿದ್ದುಪಡಿ ಬಂದೂಕನ್ನು ಅಕ್ರಮವಾಗಿ ತಯಾರಿಸುವವನಿಗೂ ಮಾರುವವನಿಗೂ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇಟ್ಟಿತು. ನನ್ನ ಕೇಳಿದರೆ ಪೆಟ್ಟು ಬೀಳಬೇಕಾದ್ದು ಅಲ್ಲೇ. ಅಂದಹಾಗೆ, ಹಂದಿ ಓಡಿಸೋಕೆ ಅಂತ ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡ ರೈತನಿಗೂ 2ರಿಂದ 5 ವರ್ಷ ಜೈಲು.